ನೀನು ಓಡಿಸೋದು ಆ ಮ್ಯಾಕ್ಸ್ ವಿಮಾನಾನಾ?

ಮೊದಲೆಲ್ಲ ರಜೆಯಲ್ಲಿ ಊರಿಗೆ ಬಂದರೆ ಸಂಬಳ ಎಷ್ಟು, ಸೈಟ್ ತಗೊಂಡ್ಯಾ ಅಂತ ಕೇಳುತ್ತಿದ್ದರು. ಎರಡು ಮ್ಯಾಕ್ಸ್ ವಿಮಾನಗಳು ಬಿದ್ದ ಮೇಲೆ, 2019ರಿಂದ ಈಚೆಗೆ ಪ್ರಶ್ನೆಯೇ ಬದಲಾಗಿದೆ. ಮದುವೆ ಊಟದ ಪಂಕ್ತಿಯಿರಲಿ, ಮೂಡಿಗೆರೆ ಸಂತೆಯಿರಲಿ, ಕೇಳುವುದು ಒಂದೇ. "ನೀನು ಓಡಿಸೋದು ಆ ಮ್ಯಾಕ್ಸ್ ವಿಮಾನಾನಾ?" ಹೌದು ಅಂದ ಕೂಡಲೇ ಮುಂದಿನ ಮಾತು, "ಅದು ಹಳೇ ಕಾಲದ್ದಂತೆ, ಅಲ್ವಾ? ಏರ್‌ಬಸ್‌ಗೆ ಸೇರ್ಕೋಬಾರ್ದಾ?" ನಮ್ಮ ಸೋದರತ್ತೆ ಹೊರನಾಡಿನ ಅನ್ನಪೂರ್ಣೇಶ್ವರಿಗೆ ನನ್ನ ಹೆಸರಲ್ಲಿ ಹರಕೆ ಬೇರೆ ಹೊತ್ತಿದ್ದಾರೆ.

ಪಾಯಸ ಬಡಿಸುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ನಾನಿರುವುದು ಗಲ್ಫಿನಲ್ಲಿ. ಓಡಿಸುವುದು ಬೋಯಿಂಗ್ ಕಂಪನಿಯ 737. ಮ್ಯಾಕ್ಸ್ ಅಂದರೆ ಅದರ ಈಚಿನ ಮಾದರಿ. ಇಲ್ಲಿಗೆ ಬರುವ ಮುಂಚೆ ಭಾರತದಲ್ಲಿ ಕೆಲವು ವರ್ಷ ಏರ್‌ಬಸ್ ಕಂಪನಿಯ ಏ320 ಓಡಿಸಿದ್ದೆ. ಎರಡೂ ಒಂದೇ ಜಾತಿಯವು. ಮಧ್ಯದಲ್ಲಿ ಒಂದೇ ಓಣಿ, ಆ ಕಡೆ ಮೂರು, ಈ ಕಡೆ ಮೂರು ಸೀಟು. ಬೆಂಗಳೂರಿನಿಂದ ದೆಹಲಿಗೋ ಮಂಗಳೂರಿನಿಂದ ದುಬೈಗೋ ಹೊರಟರೆ ನೀವು ಹತ್ತುವುದು ಹೆಚ್ಚಾಗಿ ಇವೆರಡರಲ್ಲಿ ಒಂದನ್ನೇ.

ಪೈಲಟ್‌ಗಳು ನಾಲ್ಕು ಜನ ಸೇರಿದರೆ ಮಾತು ರೋಸ್ಟರ್‌ನಿಂದ ಶುರುವಾಗಿ ಬೋಯಿಂಗ್-ಏರ್‌ಬಸ್‌ಗೆ ಬಂದು ನಿಲ್ಲುತ್ತದೆ. ನಮ್ಮಲ್ಲಿ ಸರ್ಬಿಯಾದ ಹಿರಿಯ ಕ್ಯಾಪ್ಟನ್ ಒಬ್ಬರಿದ್ದಾರೆ. ಕಂಪ್ಯೂಟರ್ ನಡುವೆ ಬಾಯಿ ಹಾಕದೆ ಕೈಗೆ ಕೇಬಲ್ಲಿನ ಬಿಗಿ ಸಿಗಬೇಕು, ಅದೇ ಹಾರಾಟ ಅನ್ನುವವರು ಅವರು, 737ರ ಪಕ್ಷ. ಈಜಿಪ್ಟಿನ ಕಿರಿಯ ಪೈಲಟ್ ಒಬ್ಬನಿಗೆ 737 ಅಂದರೆ ಮ್ಯೂಸಿಯಂ. ಇಬ್ಬರೂ ಗಂಟೆಗಟ್ಟಲೆ ಜಗಳ ಆಡಿ, ಆಮೇಲೆ ಒಟ್ಟಿಗೆ ಕೂತು ಕಾಫಿ ಕುಡಿಯುತ್ತಾರೆ. (ಅದನ್ನು ಕಾಫಿ ಅನ್ನಲು ಚಿಕ್ಕಮಗಳೂರಿನವನಿಗೆ ಬಾಯಿ ಬರುವುದಿಲ್ಲ, ಇರಲಿ.)

ಮೊದಲು ಒಂದು ಗೊಂದಲ ಬಿಡಿಸಬೇಕು. ಹಳೇ ವಿಮಾನ ಬೇರೆ, ಹಳೇ ವಿನ್ಯಾಸ ಬೇರೆ. ನಾನು ಓಡಿಸುವ ಎಷ್ಟೋ ಮ್ಯಾಕ್ಸ್‌ಗಳಲ್ಲಿ ಸೀಟಿನ ಹೊಸ ವಾಸನೆಯೇ ಹೋಗಿಲ್ಲ. ಆದರೆ ಅದರ ಮೂಲ ನಕ್ಷೆ 1960ರ ದಶಕದ್ದು. 737 ಮೊದಲು ಹಾರಿದ್ದು 1967ರ ಏಪ್ರಿಲ್ 9ರಂದು. ಮೈಯ ಅಗಲ ಅದಕ್ಕೂ ಹಿಂದಿನ 707ರಿಂದ ಬಂದದ್ದು. ಏ320 ಮೊದಲು ಹಾರಿದ್ದು 1987ರ ಫೆಬ್ರವರಿ 22ರಂದು. ಹೊಸದು ಹೊಸದು ಅಂತ ನೀವು ಹೊಗಳುವ ಏರ್‌ಬಸ್ ಕೂಡ ಟೇಪ್‌ರೆಕಾರ್ಡರ್ ಕಾಲದ್ದೇ.

ಆದರೂ ಕಾಕ್‌ಪಿಟ್‌ನಲ್ಲಿ ಕೂತರೆ ಇಪ್ಪತ್ತು ವರ್ಷದ ಅಂತರ ಗೊತ್ತಾಗುತ್ತದೆ. ಏ320ರಲ್ಲಿ ಇಂಜಿನ್ ಸ್ಟಾರ್ಟ್ ಮಾಡಲು ಒಂದು ನಾಬ್ ತಿರುಗಿಸಿ, ಒಂದು ಸ್ವಿಚ್ ಎತ್ತಿದರೆ ಸಾಕು. ಉಳಿದದ್ದು ಕಂಪ್ಯೂಟರ್ ಪಾಲಿಗೆ. 737ರಲ್ಲಿ ತಲೆ ಮೇಲಿನ ಪ್ಯಾನೆಲ್‌ನಲ್ಲಿ ಎಸಿಯ ಪ್ಯಾಕ್‌ಗಳನ್ನು ನಾವೇ ಆಫ್ ಮಾಡಬೇಕು. ಸ್ಟಾರ್ಟ್ ಸ್ವಿಚ್ ತಿರುಗಿಸಬೇಕು. ಇಂಜಿನ್ ವೇಗ ಏರುವುದನ್ನು ನೋಡುತ್ತಾ ಕೂತು, ಸರಿಯಾದ ಹೊತ್ತಿಗೆ ಇಂಧನದ ಲಿವರ್ ಎತ್ತಬೇಕು. ಮೊಣಕಾಲಿನ ಪಕ್ಕದಲ್ಲೇ ದೊಡ್ಡ ಟ್ರಿಮ್ ಚಕ್ರ (ವಿಮಾನದ ಮೂಗು ಏಳದೆ ಬೀಳದೆ ಸಮ ಇರುವಂತೆ ಹೊಂದಿಸುವುದು), ಕಪ್ಪು ಬಣ್ಣದ್ದು, ಮೇಲೆ ಬಿಳಿ ಪಟ್ಟಿ. ಆಟೋಪೈಲಟ್ ಟ್ರಿಮ್ ಮಾಡಿದಾಗಲೆಲ್ಲ ಅದು ತಂತಾನೇ ಗರಗರ ತಿರುಗುತ್ತದೆ. ಹೊಸ ಕೋ-ಪೈಲಟ್‌ಗಳು ಬೆಚ್ಚಿ ಕಾಲು ಎಳೆದುಕೊಳ್ಳುವುದನ್ನು ನೋಡಿದ್ದೇನೆ. ಹಾರುವಾಗ ಏನಾದರೂ ಕೆಟ್ಟರೆ ಏ320ರ ಪರದೆಯ ಮೇಲೆ ಏನು ಕೆಟ್ಟಿದೆ, ಏನು ಮಾಡಬೇಕು ಅಂತ ಸಾಲು ಸಾಲಾಗಿ ಬರುತ್ತದೆ. 737ರಲ್ಲಿ ಎದುರಿಗೆ ಒಂದು ಹಳದಿ ದೀಪ ಹತ್ತಿ, ಪ್ಯಾನೆಲ್‌ನ ಯಾವ ಮೂಲೆ ನೋಡಬೇಕು ಅಂತ ಹೇಳಿ ಸುಮ್ಮನಾಗುತ್ತದೆ. ಮಿಕ್ಕಿದ್ದನ್ನು ಪುಸ್ತಕ ತೆಗೆದು ನಾವು ಹುಡುಕಿಕೊಳ್ಳಬೇಕು.

ಊಟದ ವಿಷಯ ಬಿಡುವ ಹಾಗಿಲ್ಲ. ಏರ್‌ಬಸ್‌ನಲ್ಲಿ ವಿಮಾನ ತಿರುಗಿಸುವ ಸ್ಟಿಕ್ ಪಕ್ಕಕ್ಕಿದೆ, ಎದುರಿಗೆ ಎಳೆದುಕೊಳ್ಳಲು ಟೇಬಲ್ ಇದೆ. 737ರಲ್ಲಿ ಎರಡು ಕಾಲಿನ ನಡುವೆ ಕಂಬ, ಅದರ ಮೇಲೆ ಹ್ಯಾಂಡಲ್. ಟ್ರೇಯನ್ನು ತೊಡೆ ಮೇಲಿಟ್ಟು, ಬಿಳಿ ಶರ್ಟಿಗೆ ಸಾರು ಚೆಲ್ಲದ ಹಾಗೆ ತಿನ್ನಬೇಕು. ಪೈಲಟ್‌ಗಳ ಜಗಳದಲ್ಲಿ ಅರ್ಧ ಪಾಲು ಈ ಟೇಬಲ್ಲಿನದೇ ಅಂತ ನನ್ನ ಗುಮಾನಿ.

ಇದೆಲ್ಲ ಅಭ್ಯಾಸವಾದರೆ ಮುಗಿಯಿತು. ನಿಜವಾದ ತೊಡಕು ಇರುವುದು 737ರ ಗಿಡ್ಡ ಕಾಲುಗಳಲ್ಲಿ. ಅದು ಹುಟ್ಟಿದ ಕಾಲಕ್ಕೆ ಸಣ್ಣ ಊರಿನ ನಿಲ್ದಾಣಗಳಲ್ಲಿ ಲಗೇಜು ಏರಿಸುವ ಯಂತ್ರ ಇರುತ್ತಿರಲಿಲ್ಲ. ಕೆಲಸದವರು ನಿಂತಲ್ಲಿಂದಲೇ ಪೆಟ್ಟಿಗೆ ಎತ್ತಿ ಹಾಕಲಿ ಅಂತ ವಿಮಾನವನ್ನು ನೆಲಕ್ಕೆ ಹತ್ತಿರ ಇಟ್ಟರು. ಆಗ ಇಂಜಿನ್ ಸಣ್ಣಗೆ, ಉದ್ದಕ್ಕೆ ಇತ್ತು. ಸರಿಯಾಗಿಯೇ ಹೊಂದಿತ್ತು. ಆಮೇಲೆ ಇಂಧನ ಉಳಿಸುವ ಕಾಲ ಬಂತು. ಇಂಜಿನ್ನಿನ ಮುಂಭಾಗದ ಫ್ಯಾನ್ ಅಗಲವಾದಷ್ಟೂ ಉಳಿತಾಯ ಜಾಸ್ತಿ. 1980ರ ದಶಕದ 737-300ಕ್ಕೆ ಇಂಜಿನ್ ಕವಚದ ಅಡಿಯನ್ನು ಚಪ್ಪಟೆ ಮಾಡಿ ಕೂರಿಸಿದರು. ಮ್ಯಾಕ್ಸ್ ಹೊತ್ತಿಗೆ ಅದೂ ಸಾಲಲಿಲ್ಲ. ಇಂಜಿನ್ನನ್ನು ರೆಕ್ಕೆಯಿಂದ ಮುಂದಕ್ಕೂ ಮೇಲಕ್ಕೂ ಸರಿಸಿದರು, ಮೂಗಿನ ಚಕ್ರದ ಕಾಲನ್ನು 8 ಇಂಚು ಉದ್ದ ಮಾಡಿದರು. ಇಷ್ಟೆಲ್ಲ ಆದರೂ ಫ್ಯಾನ್ 69 ಇಂಚಿಗೆ ನಿಂತಿತು. ಎತ್ತರದ ಕಾಲಿನ, ಹೊಸ ಇಂಜಿನ್ನಿನ ಏ320 ನಿಯೋದಲ್ಲಿ 78 ಇಂಚಿನದು ಸಲೀಸಾಗಿ ಕೂತಿತು.

ಇಂಜಿನ್ ಜಾಗ ಬದಲಾದ್ದರಿಂದ ಕೆಲವು ಸಂದರ್ಭಗಳಲ್ಲಿ ಮೂಗು ಮೇಲೇಳುವ ಗುಣ ಬಂತು. ಅದನ್ನು ತಡೆಯಲು ಎಂಕ್ಯಾಸ್ ಎಂಬ ಸಾಫ್ಟ್‌ವೇರ್ ಸೇರಿಸಿದರು. ಅದು ಒಂದೇ ಒಂದು ಸೆನ್ಸರ್ ಹೇಳಿದ್ದನ್ನು ನಂಬಿ ಮೂಗನ್ನು ಕೆಳಕ್ಕೆ ತಳ್ಳುತ್ತಿತ್ತು, ಮತ್ತೆ ಮತ್ತೆ ತಳ್ಳುತ್ತಿತ್ತು. ಪೈಲಟ್‌ಗಳ ಕೈಪಿಡಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಇಂಡೋನೇಷ್ಯಾದ ಲಯನ್ ಏರ್ ವಿಮಾನ ಬಿತ್ತು. 2019ರ ಮಾರ್ಚ್‌ನಲ್ಲಿ ಇಥಿಯೋಪಿಯನ್ ಏರ್‌ಲೈನ್ಸ್‌ನದು. ಎರಡೂ ಸೇರಿ 346 ಜನ ಹೋದರು. ಜಗತ್ತಿನಾದ್ಯಂತ ಮ್ಯಾಕ್ಸ್‌ಗಳನ್ನು ನಿಲ್ಲಿಸಿದರು. ಅಮೆರಿಕದಲ್ಲಿ 2020ರ ನವೆಂಬರ್‌ನಲ್ಲಿ, ಭಾರತದಲ್ಲಿ 2021ರ ಆಗಸ್ಟ್‌ನಲ್ಲಿ ಮತ್ತೆ ಅನುಮತಿ ಸಿಕ್ಕಿತು. ಈಗ ಆ ಸಾಫ್ಟ್‌ವೇರ್ ಎರಡೂ ಸೆನ್ಸರ್‌ಗಳನ್ನು ತಾಳೆ ನೋಡುತ್ತದೆ, ಒಂದು ಸಲಕ್ಕಿಂತ ಹೆಚ್ಚು ತಳ್ಳುವುದಿಲ್ಲ, ನಾವು ಸಿಮ್ಯುಲೇಟರ್‌ನಲ್ಲಿ, ಅಂದರೆ ನೆಲದ ಮೇಲಿನ ನಕಲಿ ಕಾಕ್‌ಪಿಟ್‌ನಲ್ಲಿ, ತರಬೇತಿ ತೆಗೆದುಕೊಂಡೇ ಹತ್ತಬೇಕು. ಅತ್ತೆಗೆ ಇಷ್ಟು ಹೇಳಿದರೆ ಸಾಕು.

ಭಾವನಿಗೆ ಇಷ್ಟು ಸಾಲದು. ಅಕ್ಕನ ಗಂಡ, ತೋಟದವರು. ಎಲ್ಲದಕ್ಕೂ ಯಾಕೆ ಅಂತ ಕೇಳುವವರು. "ಅಷ್ಟು ದುಡ್ಡಿರೋ ಕಂಪನಿ, ಹೊಸ ವಿಮಾನಾನೇ ಮಾಡ್ಬಹುದಿತ್ತಲ್ಲ ಮಾರಾಯ?" ಅಂದರು. ಆಗ ನಾವು ತೋಟದಲ್ಲಿ ನಿಂತಿದ್ದೆವು. ಅವರ ಅಪ್ಪನ ಕಾಲದ ರೋಬಸ್ಟಾ ಗಿಡಗಳನ್ನು ಬುಡದಿಂದ ಒಂದಡಿ ಬಿಟ್ಟು ಕಡಿಸಿದ್ದರು. ಕಡಿದ ಬುಡದಲ್ಲಿ ಹೊಸ ಚಿಗುರು ಬಂದಿತ್ತು. "ಇದನ್ನ ಕಿತ್ತು ಹೊಸ ಗಿಡ ಯಾಕೆ ಹಾಕ್ಲಿಲ್ಲ ಭಾವ?" ಅಂತ ಕೇಳಿದೆ. "ಹಾಕಿದ್ರೆ ನಾಲ್ಕು ವರ್ಷ ಫಸಲಿಲ್ದೆ ಕೂರೋದು ಯಾರು? ಅಷ್ಟರಲ್ಲಿ ಪಕ್ಕದ ತೋಟದವ್ನು ಮಾರ್ಕೊಂಡು ಹೋಗ್ತಾನೆ." ಬೋಯಿಂಗ್‌ನವರೂ ಹೀಗೇ ಲೆಕ್ಕ ಹಾಕಿದ್ದು ಅಂದೆ.

ನಡೆದದ್ದು ಇಷ್ಟು. 2010ರ ಡಿಸೆಂಬರ್‌ನಲ್ಲಿ ಏರ್‌ಬಸ್ ತನ್ನ ಏ320ಕ್ಕೆ ಹೊಸ ಇಂಜಿನ್ ಹಾಕಿ ನಿಯೋ ಅಂತ ಮಾರಲು ಹೊರಟಿತು. 2011ರ ಶುರುವಿನಲ್ಲಿ ಬೋಯಿಂಗ್ ಒಲವು ಪೂರ್ತಿ ಹೊಸ ವಿಮಾನದ ಕಡೆಗೇ ಇತ್ತು. ಆ ಜುಲೈನಲ್ಲಿ ಅಮೆರಿಕನ್ ಏರ್‌ಲೈನ್ಸ್, ಅಲ್ಲಿಯವರೆಗೆ ಬೋಯಿಂಗ್‌ನ ಮನೆಯ ಗಿರಾಕಿಯಂತಿದ್ದ ಸಂಸ್ಥೆ, 260 ಏರ್‌ಬಸ್ ಕೊಳ್ಳುತ್ತೇವೆ ಅಂತ ಘೋಷಿಸಿತು. ಬೋಯಿಂಗ್ ಪಾಲಿಗೆ ಬಂದದ್ದು 200. ಅದರಲ್ಲೂ ಅರ್ಧ, ಆಗಿನ್ನೂ ಹೆಸರೇ ಇಟ್ಟಿರದ ಹೊಸ ಇಂಜಿನ್ನಿನ 737. ಮುಂದಿನ ತಿಂಗಳೇ ಮ್ಯಾಕ್ಸ್ ಘೋಷಣೆ ಆಯಿತು. ಹೊಸ ವಿಮಾನದ ಮಾತು ಅಲ್ಲಿಗೆ ಮುಗಿಯಿತು.

ಅದರ ಮೇಲೆ ಇನ್ನೊಂದು ಆಮಿಷ. ಹಳೇ 737 ಪೈಲಟ್‌ಗಳು ಸಿಮ್ಯುಲೇಟರ್ ಇಲ್ಲದೆ ಮ್ಯಾಕ್ಸ್ ಓಡಿಸಬಹುದು ಅಂತ ಬೋಯಿಂಗ್ ಮಾರಿತು. ಸಿಮ್ಯುಲೇಟರ್ ಬೇಕಾದರೆ ವಿಮಾನಕ್ಕೆ 10 ಲಕ್ಷ ಡಾಲರ್ ಕಡಿಮೆ ಮಾಡುತ್ತೇವೆ ಅಂತ ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ ಜೊತೆ ಕರಾರೇ ಆಗಿತ್ತು. ಹೊಸ ಹಳದಿ ದೀಪ ಹಾಕಿದರೂ ತರಬೇತಿ, ಹೊಸ ಗುಂಡಿ ಹಾಕಿದರೂ ತರಬೇತಿ. ಹಾಗಾಗಿ ಕಾಕ್‌ಪಿಟ್ ಹಾಗೇ ಉಳಿಯಿತು. ನನ್ನ ಪ್ರಕಾರ 346 ಜನರನ್ನು ಕೊಂದದ್ದು 1967ರ ನಕ್ಷೆ ಅನ್ನುವುದು ಸುಲಭದ ಮಾತು. 2011ರ ಅವಸರಕ್ಕೆ ಅದರಲ್ಲಿ ದೊಡ್ಡ ಪಾಲಿದೆ. ಇದನ್ನು ಹೇಳಿದರೆ ನಮ್ಮ ಸರ್ಬಿಯಾದ ಕ್ಯಾಪ್ಟನ್‌ಗೂ ಸಿಟ್ಟು, ಈಜಿಪ್ಟಿನವನಿಗೂ ಸಿಟ್ಟು.

ಹಾಸನದಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ನಮ್ಮ ಕಡೆಯ ಹುಡುಗರಿಗೂ ವಿಮಾನದ ಹುಚ್ಚು ಹತ್ತಿತಲ್ಲ, ಹಾಗೆ ಹೊರಟವನು. ಈಗ ಬೆಂಗಳೂರಿನಿಂದ ಏ320 ಓಡಿಸುತ್ತಾನೆ. ಕಳೆದ ರಜೆಯಲ್ಲಿ ಅವನ ಕಾರಿನಲ್ಲಿ ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣದ ಕೆಲಸ ಎಲ್ಲಿಗೆ ಬಂತು ನೋಡೋಣ ಅಂತ ಹೋದೆವು. ಅದಕ್ಕೆ ಅಡಿಗಲ್ಲು ಹಾಕಿದ್ದು 2007ರಲ್ಲಿ. ದಾರಿಯುದ್ದಕ್ಕೂ ಅವನದು ಒಂದೇ ರಾಗ. "ನಿಂದು ಅಜ್ಜನ ಕಾಲದ್ದು ಗುರು, ಬಿಟ್ ಬಾ."

ಅವನಿಗೆ 1990 ನೆನಪಿಸಿದೆ. ಆ ವರ್ಷ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ ಏ320 ರನ್‌ವೇಗಿಂತ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. 92 ಜನ ಸತ್ತರು. ವಿಮಾನ ಹೊಚ್ಚ ಹೊಸದು, ವಿನ್ಯಾಸವೂ ಹೊಸದು. ಇಳಿಯುವಾಗ ಇಂಜಿನ್‌ಗಳು ಐಡಲ್‌ನಲ್ಲೇ, ಅಂದರೆ ತೀರಾ ಕಡಿಮೆ ಶಕ್ತಿಯಲ್ಲೇ, ಉಳಿದು ವೇಗ ಬೀಳುತ್ತಾ ಹೋದದ್ದು ಪೈಲಟ್‌ಗಳ ಗಮನಕ್ಕೆ ಬಂದದ್ದು ತಡವಾಗಿ. ಸರ್ಕಾರ ತಿಂಗಳುಗಟ್ಟಲೆ ಏ320ಗಳನ್ನು ನೆಲದ ಮೇಲೆ ನಿಲ್ಲಿಸಿತು. ಕಂಪ್ಯೂಟರ್ ವಿಮಾನ ಬೇಡವೇ ಬೇಡ ಅಂತ ಆಗ ಹೇಳಿದವರು ಕಡಿಮೆಯಿಲ್ಲ. ಹಳೇದನ್ನು ನಂಬಿ, ಹೊಸದಕ್ಕೆ ಹೆದರುತ್ತಿದ್ದ ಕಾಲ ಅದು. "2010ರಲ್ಲಿ ಮಂಗಳೂರಲ್ಲಿ ಬಿದ್ದಿದ್ದು ನಿನ್ನ 737 ಅಲ್ವಾ?" ಅಂತ ಅವನು ತಿರುಗಿಸಿದ. ಹೌದು, 158 ಜನ. ಆದರೆ ತನಿಖೆ ಬೆರಳು ತೋರಿಸಿದ್ದು ಸರಿಯಿಲ್ಲದ ಇಳಿಕೆಯನ್ನು ಬಿಟ್ಟು ಮತ್ತೆ ಮೇಲೇರದ ತೀರ್ಮಾನದ ಕಡೆಗೆ.

2025ರ ನವೆಂಬರ್‌ನಲ್ಲಿ ಅವನ ಬಾಯಿ ಸ್ವಲ್ಪ ಕಟ್ಟಿತು. ಸೂರ್ಯನ ವಿಕಿರಣದಿಂದ ಹಾರಾಟ ನಿಯಂತ್ರಿಸುವ ಕಂಪ್ಯೂಟರ್‌ನ ಮಾಹಿತಿ ಕೆಡಬಹುದು ಅಂತ ಸುಮಾರು 6,000 ಏ320 ಕುಟುಂಬದ ವಿಮಾನಗಳ ಸಾಫ್ಟ್‌ವೇರ್ ಸರಿ ಮಾಡಲು ಏರ್‌ಬಸ್ ಹೇಳಿತು. ಹೆಚ್ಚಿನವಕ್ಕೆ ಮಾಡಿದ್ದು ಏನು ಗೊತ್ತಾ? ಹಿಂದಿನ ಆವೃತ್ತಿಯನ್ನೇ ಮತ್ತೆ ಹಾಕಿದ್ದು. ನನಗೆ ನಗು ತಡೆಯಲಾಗಲಿಲ್ಲ, ಮೆಸೇಜ್ ಕಳಿಸಿದೆ. ಅವನು ಉತ್ತರವಾಗಿ ತನ್ನ ಊಟದ ಟೇಬಲ್ಲಿನ ಫೋಟೋ ಕಳಿಸಿದ.

ಬೂವನಹಳ್ಳಿಗೆ ನಮ್ಮಿಬ್ಬರ ವಿಮಾನದಲ್ಲಿ ಯಾವುದು ಮೊದಲು ಬರುತ್ತೆ ಅಂತ ಪಂಥ ಕಟ್ಟಲು ಹೋದೆವು. 2023ರ ಆಗಸ್ಟ್‌ನಲ್ಲಿ ಶಿವಮೊಗ್ಗಕ್ಕೆ ಟಿಕೆಟ್‌ನ ಜನರನ್ನು ಹೊತ್ತು ಮೊದಲು ಬಂದದ್ದು ಎಟಿಆರ್, ರೆಕ್ಕೆಯ ಮೇಲೆ ಫ್ಯಾನ್ ತಿರುಗುವ ಸಣ್ಣ ವಿಮಾನ. ಇಲ್ಲಿಗೂ ಅದೇ ಬರೋದು ಅಂತ ಇಬ್ಬರೂ ಒಪ್ಪಿ, ಪಂಥ ಬಿಟ್ಟು ಊಟಕ್ಕೆ ಹೋದೆವು.

ಮೂರನೆಯವರು ಯಾರೂ ಬರಲಿಲ್ಲವೇ ಅಂತ ಕೇಳಬಹುದು. ಬಂದರು. ಕೆನಡಾದ ಬೊಂಬಾರ್ಡಿಯರ್ ಸಿ-ಸೀರೀಸ್ ಅಂತ ನಿಜಕ್ಕೂ ಹೊಸ ವಿಮಾನ ಮಾಡಿತು. ಬೋಯಿಂಗ್ ದೂರು ಕೊಟ್ಟು, ಅದರ ಮೇಲೆ ಅಮೆರಿಕದಲ್ಲಿ ಸುಮಾರು ಶೇ 300ರ ಸುಂಕ ಬೀಳುವ ಹಾಗೆ ಆಯಿತು. ಬೊಂಬಾರ್ಡಿಯರ್ ಆ ವಿಮಾನದ ಯೋಜನೆಯನ್ನು ಏರ್‌ಬಸ್‌ನ ಮಡಿಲಿಗೆ ಹಾಕಿತು. 2018ರಲ್ಲಿ ಸಿ-ಸೀರೀಸ್‌ಗೆ ಏ220 ಅಂತ ಹೆಸರಾಯಿತು. ಆ ಸುಂಕವನ್ನು ಅದೇ ವರ್ಷ ಅಮೆರಿಕದ ಆಯೋಗವೇ ತಳ್ಳಿಹಾಕಿತು. ಬೋಯಿಂಗ್ ತನ್ನ ಎದುರಾಳಿಗೆ ತಾನೇ ಉಡುಗೊರೆ ಕೊಟ್ಟ ಹಾಗಾಯಿತು. ಚೀನಾದ ಸಿ919, 2023ರ ಮೇನಲ್ಲಿ ಶಾಂಘೈ-ಬೀಜಿಂಗ್ ನಡುವೆ ಶುರುವಾಯಿತು. ಆದರೆ ಅದರ ಇಂಜಿನ್ ಬರುವುದು ಅಮೆರಿಕ-ಫ್ರಾನ್ಸ್ ಜಂಟಿ ಕಂಪನಿಯಿಂದ. ನಮ್ಮಲ್ಲಿ ಬಿಡಿಭಾಗದ ಕೆಲಸ ಚೆನ್ನಾಗಿ ನಡೆಯುತ್ತಿದೆ. ಏ320ರ ಬಾಗಿಲುಗಳನ್ನು ಬೆಂಗಳೂರಿನ ಎಚ್‌ಎಎಲ್ ಹಿಂದಿನಿಂದಲೂ ಮಾಡಿಕೊಟ್ಟಿದೆ. ಏ220ರ ಬಾಗಿಲಿನ ಕೆಲಸ 2024ರಲ್ಲಿ ಬೆಂಗಳೂರಿನದೇ ಡೈನಾಮ್ಯಾಟಿಕ್‌ಗೆ ಸಿಕ್ಕಿತು. ಬಾಗಿಲವರೆಗೆ ಬಂದಿದ್ದೇವೆ.

ಪೂರ್ತಿ ಹೊಸ ವಿಮಾನದ ಬಗ್ಗೆ ಕೇಳಿದರೆ ಎರಡೂ ಕಂಪನಿಗಳು ಕೈ ತೋರಿಸುವುದು 2030ರ ದಶಕದ ಮಧ್ಯ ಅಥವಾ ಅದರಾಚೆಗೆ. ಅಷ್ಟರಲ್ಲಿ ಇಂಡಿಗೋ 2023ರಲ್ಲಿ ಒಂದೇ ಏಟಿಗೆ 500 ಏ320 ಕುಟುಂಬದ ವಿಮಾನಗಳನ್ನು ಕೇಳಿದೆ. ಅವು ಬರುವುದು 2030ರಿಂದ 2035ರ ನಡುವೆ. ಆಕಾಸ ಏರ್ ಮ್ಯಾಕ್ಸ್‌ಗಳನ್ನೇ ನಂಬಿ ಹೊರಟಿದೆ. ಅಂದರೆ ನಾನು ನಿವೃತ್ತನಾದ ಮೇಲೂ ಇದೇ ಎರಡು ನಕ್ಷೆಗಳು ನಮ್ಮ ತಲೆ ಮೇಲೆ ಹಾರುತ್ತಿರುತ್ತವೆ.

ಭಾವನ ಮಗಳು ಮೈಸೂರಿನಲ್ಲಿ ಹಾರಾಟ ಕಲಿಯುತ್ತಿದ್ದಾಳೆ. "ಮಾವ, ಟೈಪ್ ರೇಟಿಂಗ್ ಯಾವುದಕ್ಕೆ ಮಾಡ್ಲಿ?" ಅಂತ ಕೇಳಿದಳು. ಟೈಪ್ ರೇಟಿಂಗ್ ಅಂದರೆ ಒಂದು ಮಾದರಿಯ ವಿಮಾನ ಓಡಿಸಲು ಬೇಕಾದ ಅರ್ಹತೆ. ಯಾರು ಕೆಲಸ ಕೊಡ್ತಾರೋ ಅದಕ್ಕೆ ಮಾಡು ಅಂದೆ. ಭಾರತದಲ್ಲಿ ಸದ್ಯಕ್ಕೆ ಏ320ರ ಕೆಲಸವೇ ಜಾಸ್ತಿ. ಖರ್ಚು ಎಷ್ಟಾಗುತ್ತೆ ಅಂತ ಭಾವ ಕೇಳಿದರು. ಹೇಳಿದೆ. ಅವರು ಫೋನ್ ತೆಗೆದು ಈ ವಾರದ ಕಾಫಿ ರೇಟು ನೋಡತೊಡಗಿದರು.