ಏತದ ಕಲ್ಲು

ಹಳಿ ರಿಪೇರಿಗೆಂದು ಮುಂಬಯಿಯ ಲೋಕಲ್ ಗಾಡಿಗಳನ್ನು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್ ಶುರುವಾಗುವ ಮೊದಲೇ ಮಾಟುಂಗಾ ಮುಟ್ಟಬೇಕೆಂದು ಆ ದಿನ ಬೆಳಿಗ್ಗೆ ಆರಕ್ಕೇ ಡೊಂಬಿವಲಿ ಬಿಟ್ಟೆ. ಲಗೇಜ್ ಡಬ್ಬಿಯಲ್ಲಿ ಮೆಂತ್ಯಸೊಪ್ಪಿನ ಮೂಟೆಗಳು. ಅವುಗಳ ನಡುವೆ ನಾನು, ನನ್ನ ತೊಡೆಯ ಮೇಲೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ. ಗಾಡಿ ಕುಲುಕಿದಾಗಲೆಲ್ಲ ಎರಡೂ ಕೈಯಿಂದ ತಬ್ಬಿಕೊಳ್ಳುತ್ತಿದ್ದುದನ್ನು ನೋಡಿ ಸೊಪ್ಪಿನ ಹೆಂಗಸು "ಗಣಪತಿ ಆಹೇ ಕಾ?" ಎಂದು ಕೇಳಿದಳು. ಅಲ್ಲ, ಏತ ಎನ್ನಬೇಕಿತ್ತು. ಕೆರೆಯಿಂದ ನೀರೆತ್ತುವ ಹಳೆಯ ಸಾಧನ ಅದು, ಪೆಟ್ಟಿಗೆಯಲ್ಲಿದ್ದದ್ದು ಲೆಗೋ ಎಂಬ ಆಟಿಕೆ ಇಟ್ಟಿಗೆಗಳಲ್ಲಿ ಕಟ್ಟಿದ ಅದರ ಮಾದರಿ. ಏತಕ್ಕೆ ಮರಾಠಿಯಲ್ಲಿ ಏನೆನ್ನುತ್ತಾರೋ ನೆನಪಾಗಲಿಲ್ಲ. "ಮಶೀನ್ ಆಹೇ" ಎಂದೆ.

ಮಗ ಪುಣೆಗೆ ಓದಲು ಹೋದಮೇಲೆ ಅಟ್ಟದ ಮೇಲೆ ಉಳಿದದ್ದು ಅವನ ಲೆಗೋ ಪೆಟ್ಟಿಗೆ. ಅದರಲ್ಲಿ ಸಾದಾ ಇಟ್ಟಿಗೆಗಳ ಜೊತೆ ಮೈಂಡ್‌ಸ್ಟಾರ್ಮ್ಸ್ ಇವಿ3 ಎಂಬ ರೋಬೋ ಕಿಟ್ಟೂ ಇತ್ತು. 2013ರಲ್ಲಿ ಬಂದ ಮಾದರಿ ಅದು. ನಾಲ್ಕು ಮೋಟಾರು, ನಾಲ್ಕು ಸೆನ್ಸರ್ ಜೋಡಿಸಬಹುದಾದ, ಆರು ಪೆನ್ಸಿಲ್ ಸೆಲ್ ನುಂಗುವ ಬೂದುಬಣ್ಣದ ಮಿದುಳು. 2022ರ ಕೊನೆಗೆ ಕಂಪನಿ ಮೈಂಡ್‌ಸ್ಟಾರ್ಮ್ಸ್ ಸರಣಿಯನ್ನೇ ನಿಲ್ಲಿಸಿತು. ಅಂಗಡಿಯಲ್ಲಿ ಸಿಗದ ವಸ್ತು ಮನೆಯ ಅಟ್ಟದಲ್ಲಿ ಧೂಳು ತಿನ್ನುವುದು ನನಗೆ ಸರಿಬರಲಿಲ್ಲ. ಆಫೀಸಿನ ಲೆಕ್ಕಪತ್ರ ಮುಗಿಸಿ ಬಂದು, ಅಡುಗೆ ಮುಗಿಸಿ, ರಾತ್ರಿ ಊಟದ ಮೇಜಿನ ಮೇಲೆ ಹಲ್ಲುಚಕ್ರ ಹೊಂದಿಸುತ್ತ ಕುಳಿತರೆ ಹನ್ನೆರಡು ಹೊಡೆದದ್ದೇ ಗೊತ್ತಾಗುತ್ತಿರಲಿಲ್ಲ.

ಪ್ರದರ್ಶನಕ್ಕೆ ಕರೆ ಬಂದದ್ದು ಈ ಹವ್ಯಾಸದವರ ಗುಂಪಿನಿಂದ. ಮಾಟುಂಗಾದ ಒಂದು ಸಭಾಂಗಣದಲ್ಲಿ ಹನ್ನೊಂದು ಜನ ಸೇರಿ ಚೆಂಡಿನ ಸರಪಳಿ ಕಟ್ಟುವುದು ಎಂದು ನಿಶ್ಚಯವಾಯಿತು. ಗ್ರೇಟ್ ಬಾಲ್ ಕಾಂಟ್ರಾಪ್ಶನ್ ಅಂತ ಅದರ ಪೂರ್ತಿ ಹೆಸರು. ನಾವು ಜಿಬಿಸಿ ಎನ್ನುತ್ತೇವೆ. ಒಬ್ಬೊಬ್ಬರು ಒಂದೊಂದು ಯಂತ್ರ ಕಟ್ಟಿಕೊಂಡು ಬರುವುದು. ಎಡಗಡೆಯ ಯಂತ್ರ ಉಗುಳಿದ ಪುಟ್ಟ ಚೆಂಡುಗಳನ್ನು ನನ್ನ ಯಂತ್ರ ತನ್ನ ಬುಟ್ಟಿಯಲ್ಲಿ ಹಿಡಿದು, ತನ್ನದೇ ರೀತಿಯಲ್ಲಿ ಎತ್ತಿಯೋ ಉರುಳಿಸಿಯೋ ಬಲಗಡೆಯವರ ಬುಟ್ಟಿಗೆ ಹಾಕಬೇಕು. ಕೊನೆಯ ಯಂತ್ರ ಚೆಂಡುಗಳನ್ನು ಮತ್ತೆ ಮೊದಲನೆಯದಕ್ಕೆ ತಲುಪಿಸುತ್ತದೆ. ಜಪಾನಿನ ಅಕಿಯುಕಿ ಎಂಬವರು ಕಟ್ಟಿದ ಇಂಥ ಯಂತ್ರಗಳನ್ನು ನೋಡಿ ಎಷ್ಟೋ ಜನ ಈ ಹುಚ್ಚಿಗೆ ಬಿದ್ದಿದ್ದಾರೆ, ನಾನೂ ಅವರಲ್ಲೊಬ್ಬಳು.

ಇದರ ನಿಯಮಗಳು 2005ರಿಂದ ಬಳಕೆಯಲ್ಲಿವೆ. ನನಗೆ ಅವು ತುಂಬ ಇಷ್ಟ, ಯಾಕೆಂದರೆ ಬಹಳ ಕಡಿಮೆ ಇವೆ. ಲೆಗೋ ಇಟ್ಟಿಗೆಯ ಮೇಲಿನ ಉಬ್ಬುಗಳನ್ನು ಗುಬ್ಬಿ ಎನ್ನುತ್ತೇವೆ. ಬುಟ್ಟಿಯ ಹೊರ ಅಳತೆ 10 ಗುಬ್ಬಿಗೆ 10 ಗುಬ್ಬಿ, ಬಾಯಿ 8ಕ್ಕೆ 8, ಎತ್ತರ 10 ಇಟ್ಟಿಗೆ ಮೀರಬಾರದು. ಸರಾಸರಿ ಸೆಕೆಂಡಿಗೆ ಒಂದು ಚೆಂಡು ಸಾಗಿಸಬೇಕು. ಒಟ್ಟಿಗೆ ಸುರಿಯುವುದಾದರೆ ಒಂದು ಸಲಕ್ಕೆ 30ಕ್ಕಿಂತ ಹೆಚ್ಚು ಸುರಿಯಕೂಡದು. ಇಷ್ಟೇ. ನಡುವೆ ನೀವು ಏನು ಮಾಡುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಒಂದು ಗುಬ್ಬಿಯಿಂದ ಇನ್ನೊಂದಕ್ಕೆ 8 ಮಿಲಿಮೀಟರ್, ಅದು ಎಲ್ಲರ ಮನೆಯಲ್ಲೂ ಅಷ್ಟೇ. 1958ರ ಇಟ್ಟಿಗೆಯೂ ಇವತ್ತಿನದಕ್ಕೆ ಕೂರುತ್ತದೆ. ಹಾಗಾಗಿ ವಾಶಿಯ ಕಾಲೇಜು ಹುಡುಗರು, ಠಾಣೆಯ ಒಬ್ಬ ಡಾಕ್ಟರಮ್ಮ, ರೈಲ್ವೆಯಿಂದ ನಿವೃತ್ತರಾದ ಒಬ್ಬ ಮೆಕ್ಯಾನಿಕ್, ಯಾರೂ ಯಾರ ಮುಖವನ್ನೂ ನೋಡದೆ ಕಟ್ಟಿಕೊಂಡು ಬಂದು ಒಂದೇ ಮೇಜಿನ ಮೇಲೆ ಸಾಲಾಗಿ ಇಟ್ಟರೆ ಚೆಂಡು ಹರಿಯುತ್ತದೆ.

ನಾನು ಏತವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಅಜ್ಜಿಮನೆ. ಕುಂದಾಪುರದ ಕಡೆ ಅವರ ತೋಟದಲ್ಲಿ ಕೆರೆಯ ದಂಡೆಗೆ ಒಂದು ಕವಲುಕಂಬ ನಿಂತಿತ್ತು. ಏತದ ಕಂಬ ಅದು ಎಂದು ಅಜ್ಜಿ ತೋರಿಸುತ್ತಿದ್ದಳು. ನಾನು ಹುಟ್ಟುವ ಹೊತ್ತಿಗೆ ಪಂಪ್‌ಸೆಟ್ ಬಂದು ಏತ ಇಳಿದಾಗಿತ್ತು. ಕಂಬದ ಮೇಲೆ ಮಿಂಚುಳ್ಳಿ ಕೂರುವುದನ್ನು ನೋಡಿದ್ದೇನೆಯೇ ಹೊರತು ಏತ ಆಡಿದ್ದನ್ನು ನಾನು ಕಂಡವಳಲ್ಲ. ಒಂದು ಹಳೆಯ ಫೋಟೋ ನೋಡಿ ಕಟ್ಟಿದೆ: ಕವಲುಕಂಬ, ಅದರ ಮೇಲೆ ಉದ್ದ ತೊಲೆ, ತೊಲೆಯ ಮುಂದಿನ ತುದಿಗೆ ಕೊಡ, ಹಿಂದಿನ ಮೋಟು ತುದಿಗೆ ಕಲ್ಲು. ಕಲ್ಲನ್ನು ಬೂದು ಇಟ್ಟಿಗೆಗಳಲ್ಲಿ ಬಹಳ ಮುತುವರ್ಜಿಯಿಂದ ಮಾಡಿದ್ದೆ, ಅಂಚು ಮೂಲೆ ಇಳಿಸಿ, ನಡುವೆ ಪಾಚಿಯ ಹಾಗೆ ಎರಡು ಹಸಿರು ತುಂಡು ಸೇರಿಸಿ.

ತೊಲೆಯಲ್ಲಿರುವ ತೂತುಗಳ ಲೆಕ್ಕದಲ್ಲಿ ಅಳತೆ ಹೀಗಿತ್ತು. ಕಂಬದಿಂದ ಕೊಡದವರೆಗೆ 24 ತೂತು, ಕಂಬದಿಂದ ಕಲ್ಲಿನವರೆಗೆ 8. ಕೊಡ ಬುಟ್ಟಿಯೊಳಗೆ ಇಳಿದು ಚೆಂಡು ತುಂಬಿಕೊಂಡು ಮೇಲೆ ಹೋಗಿ, ಅಲ್ಲೊಂದು ಕಡ್ಡಿಗೆ ತಾಗಿ ಬಾಗಿ, ಬಲಗಡೆಯ ಬುಟ್ಟಿಗೆ ಒಯ್ಯುವ ದೋಣಿಗೆ ಸುರಿಯುತ್ತದೆ. ಹೋಗಿ ಬರುವುದಕ್ಕೆ 12 ಸೆಕೆಂಡು. ಅಂದಮೇಲೆ ಪ್ರತಿ ಸಲ ಕಡಿಮೆಯೆಂದರೂ 12 ಚೆಂಡು ಬರಲೇಬೇಕು. ಕೊಡ 14 ಹಿಡಿಯುತ್ತದೆ, ಆದರೆ ಮೊದಮೊದಲು ಎಂಟೊಂಬತ್ತಕ್ಕೆ ನಿಲ್ಲುತ್ತಿತ್ತು. ಚೀಲದ ಬಾಯಿಗೆ ಅಡಿಕೆ ಕಚ್ಚಿಕೊಳ್ಳುವ ಹಾಗೆ ಚೆಂಡುಗಳು ಒಂದಕ್ಕೊಂದು ಆತು ಕಮಾನು ಕಟ್ಟಿ ನಿಂತುಬಿಡುತ್ತಿದ್ದವು. ಸಣ್ಣ ಮೋಟಾರಿನಿಂದ ಬುಟ್ಟಿಯ ತಳವನ್ನು ಕುಟುಕುತ್ತಿರುವಂತೆ ಮಾಡಿದ ಮೇಲೆ 13, 14 ಬರತೊಡಗಿದವು. ಅಡುಗೆಮನೆಯಲ್ಲಿ ಇಪ್ಪತ್ತು ನಿಮಿಷ ನಿಲ್ಲದೆ ಓಡಿತು. ಮಗನಿಗೆ ವಿಡಿಯೋ ಕಳಿಸಿದೆ.

ಇಪ್ಪತ್ತು ನಿಮಿಷ ಎಂದರೆ ನೂರು ಮುಳುಗು. ಪ್ರದರ್ಶನ ಹತ್ತರಿಂದ ಐದರವರೆಗೆ, ಏಳು ಗಂಟೆ. ಸೆಕೆಂಡಿಗೊಂದರಂತೆ 25,200 ಚೆಂಡು, 2,100 ಮುಳುಗು. ಈ ಗುಣಾಕಾರವನ್ನು ನಾನು ಮಾಡಿದ್ದು ಸಭಾಂಗಣದಲ್ಲಿ, ಏತ ನಿಂತುಹೋದಮೇಲೆ.

ಹನ್ನೊಂದೂವರೆಯವರೆಗೆ ಎಲ್ಲ ಸರಿಯಿತ್ತು. ಕಿಂಗ್ಸ್ ಸರ್ಕಲ್ ಕಡೆ ಹೂವು ಕೊಳ್ಳಲು, ಇಡ್ಲಿ ತಿನ್ನಲು ಬಂದ ಜನ ಮಕ್ಕಳನ್ನು ಕರೆದುಕೊಂಡು ಒಳಗೆ ಬರುತ್ತಿದ್ದರು. ಮಕ್ಕಳು ಒಂದೇ ಚೆಂಡನ್ನು ಕಣ್ಣಲ್ಲಿ ಹಿಡಿದು ಮೇಜಿನ ಉದ್ದಕ್ಕೂ ಅದರ ಜೊತೆ ನಡೆಯುತ್ತಾರೆ. ಕೆಂಪು ಚೆಂಡಾದರೆ ಕೆಂಪು, ಹನ್ನೊಂದು ಯಂತ್ರ ದಾಟಿ ಮತ್ತೆ ಮೊದಲಿಗೆ ಬರುವವರೆಗೆ ಬಿಡುವುದಿಲ್ಲ. ನನ್ನ ಏತದ ಮುಂದೆ ಅವರೆಲ್ಲ ನಿಲ್ಲುತ್ತಿದ್ದರು, ಯಾಕೆಂದರೆ ಕೊಡ ಇಳಿದು ಚೆಂಡು ಕಣ್ಣಾಮುಚ್ಚಾಲೆಯಾಡಿದ ಹಾಗೆ ಮರೆಯಾಗಿ ಮತ್ತೆ ಮೇಲೇಳುತ್ತದೆ.

ಆಮೇಲೆ ಆ ಸದ್ದು ಶುರುವಾಯಿತು. ಕಟ್, ಕಟ್, ಕಟ್. ಲೆಗೋದಲ್ಲಿ 24 ಹಲ್ಲಿನ ಒಂದು ಬಿಳಿ ಚಕ್ರವಿದೆ, ಕ್ಲಚ್ ಗಿಯರ್. ಭಾರ ಮಿತಿ ಮೀರಿದರೆ ಒಳಗಿಂದ ಜಾರಿ ಉಳಿದ ಹಲ್ಲುಗಳನ್ನು ಕಾಪಾಡುತ್ತದೆ. ಆ ಮಿತಿ ಅದರ ಮೈಮೇಲೇ ಅಚ್ಚಾಗಿರುತ್ತದೆ, 2.5ರಿಂದ 5 ನ್ಯೂಟನ್-ಸೆಂಟಿಮೀಟರ್. ಅದು ಜಾರುತ್ತಿತ್ತು. ತೊಲೆ ಅರ್ಧಕ್ಕೆ ನಿಂತಿತ್ತು. ಕೆಟ್ಟದ್ದೇನೆಂದರೆ, ಮೋಟಾರು ಎಷ್ಟು ಸುತ್ತಿತು ಎಂದು ಎಣಿಸುವ ಸೆನ್ಸರ್ ಮೋಟಾರಿನೊಳಗೇ ಇದೆ. ಮೋಟಾರು ಸುತ್ತುತ್ತಿದೆ, ಚಕ್ರ ಜಾರುತ್ತಿದೆ, ತೊಲೆ ಏರಿಲ್ಲ. ಆದರೆ ಮಿದುಳಿನ ಲೆಕ್ಕದಲ್ಲಿ ಏರಿಯಾಗಿದೆ, ಸುರಿದಾಗಿದೆ. ಅದು ತುಂಬಿದ ಕೊಡವನ್ನೇ ಮತ್ತೆ ಬುಟ್ಟಿಗೆ ಇಳಿಸಿತು. ಎಡದ ಯಂತ್ರ ಸೆಕೆಂಡಿಗೊಂದು ಚೆಂಡು ಹಾಕುತ್ತಲೇ ಇತ್ತು. ಒಂದು ನಿಮಿಷದೊಳಗೆ ಬುಟ್ಟಿ ಉಕ್ಕಿ ಚೆಂಡುಗಳು ನೆಲಕ್ಕೆ ಬಿದ್ದು ಕುರ್ಚಿಗಳ ಕೆಳಗೆ ಚೆಲ್ಲಾಪಿಲ್ಲಿಯಾದವು. ಮಕ್ಕಳು ಹೆಕ್ಕಲು ಓಡಿದರು.

ಸೆಲ್ ಇಳಿದಿರಬೇಕು ಎಂದುಕೊಂಡೆ. ಆರೂ ಬದಲಿಸಿದೆ. ಹತ್ತು ನಿಮಿಷ ನಡೆಯಿತು, ಮತ್ತೆ ಅದೇ ಸದ್ದು. ವಾಶಿಯ ಹುಡುಗರು ಮೆತ್ತಗೆ ಕೇಳಿದರು: "ಆಂಟಿ, ಹಮಾರೇ ಪಾಸ್ ಏಕ್ ಸ್ಪೇರ್ ಹೈ, ಲಗಾಯೇಂ?" ಸಾದಾ ಬೆಲ್ಟಿನ ಒಂದು ಯಂತ್ರ. ಬೇಡ ಎನ್ನುವ ಹಕ್ಕು ನನಗಿರಲಿಲ್ಲ. ಹತ್ತು ಜನರ ಯಂತ್ರಗಳು ನನ್ನೊಬ್ಬಳಿಂದ ನಿಂತಿದ್ದವು. ಏತವನ್ನು ಎತ್ತಿ ಹಿಂದಿನ ಬೆಂಚಿಗೆ ಒಯ್ದೆ. ಬೆಲ್ಟು ಆ ಜಾಗದಲ್ಲಿ ಕೂತಿತು, ಎರಡು ನಿಮಿಷದಲ್ಲಿ ಸರಪಳಿ ಮತ್ತೆ ಹರಿಯಿತು. ನನ್ನ ಕಣ್ಣು ತುಂಬಿಬಂತು. ಅದನ್ನು ಕಟ್ಟಲು ಹಿಡಿದ ನಾಲ್ಕು ತಿಂಗಳು ಅಂಥ ಕಡಿಮೆ ಕಾಲವಲ್ಲ.

ಚಕ್ರದ ಜೋಡಣೆ ಬಿಚ್ಚುತ್ತಿದ್ದಾಗ ಬೆಂಚಿನ ಆಚೆ ಒಬ್ಬ ಹಿರಿಯರು ನಿಂತಿದ್ದರು. ಬಿಳಿ ಅಂಗಿ, ಕೈಯಲ್ಲಿ ಸೇವಂತಿಗೆ ಕಟ್ಟು. ನನ್ನ ಬಾಯಿಂದ ಹೊರಟ "ಅಯ್ಯೋ ದೇವರೇ" ಅವರ ಕಿವಿಗೆ ಬಿದ್ದಿರಬೇಕು.

"ಏತ ಅಲ್ದಾ ಇದ್?" ಎಂದರು.

ಅಜ್ಜಿಯ ಮಾತೇ. ನಮ್ಮೂರ ಕಡೆಯವರು. ಹುಡುಗನಾಗಿದ್ದಾಗ ಮುಂಬಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಹೀಗೆ ಹಗಲು ಹೋಟೆಲು ರಾತ್ರಿ ಶಾಲೆ ಎಂದು ಬೆಳೆದ ತಲೆಮಾರೇ ಈ ಊರಿನಲ್ಲಿದೆ. ಬರುವುದಕ್ಕೆ ಮೊದಲು ಊರಲ್ಲಿ ಅಪ್ಪನ ಜೊತೆ ಏತ ಹೊಡೆದಿದ್ದರಂತೆ. ಅವರು ತೊಲೆಯ ಹಿಂದಿನ ತುದಿಗೆ ಬೆರಳು ಕೊಟ್ಟು ನನ್ನ ಕಲ್ಲನ್ನು ಎತ್ತಿ ನೋಡಿದರು. ಅದು ಹಕ್ಕಿಗರಿಯ ಹಾಗೆ ಎದ್ದಿತು.

"ಇದ್ ಕಲ್ಲಲ್ಲ ಮಾರಾಯ್ತಿ. ಒಳಗ್ ಎಂತದೂ ಇಲ್ಲ."

ಹೌದು, ಟೊಳ್ಳು. ಅಂದಕ್ಕೆ ಮಾಡಿದ್ದು ಎಂದೆ. ಅವರು ಹೂವನ್ನು ಬೆಂಚಿನ ಮೇಲಿಟ್ಟು ಎರಡೂ ಕೈಯಲ್ಲಿ ಇಲ್ಲದ ಗಳವನ್ನು ಹಿಡಿದರು. ಮೈಭಾರ ಕೊಟ್ಟು ಕೆಳಗೆ ಅದುಮಿದರು, ಮೊಣಕಾಲು ಮಡಚಿದವು, ಆಮೇಲೆ ಕೈ ಸಡಿಲಬಿಟ್ಟು ಮೇಲಕ್ಕೆ ನೋಡಿದರು. "ನೀರ್ ಎತ್ತುದ್ ಮನ್ಷ ಅಲ್ಲ, ಕಲ್ಲ್. ಮನ್ಷಂದ್ ಎಂತ ಕೆಲ್ಸ ಅಂದ್ರೆ, ಖಾಲಿ ಕೊಡ ಕೆಳಗ್ ಅದ್ಮುದ್. ಅಷ್ಟೇ. ನಿನ್ ಮಶೀನು ಉಲ್ಟಾ ಮಾಡ್ತಾ ಇತ್ತ್."

ನಾನು ಅವರನ್ನೇ ನೋಡುತ್ತ ನಿಂತೆ. ಎಷ್ಟು ಸಲ ಆ ಫೋಟೋ ನೋಡಿದ್ದೆ! ಕಲ್ಲು ಎಲ್ಲಿದೆ, ಎಷ್ಟು ದೊಡ್ಡದು, ಯಾವ ಬಣ್ಣ, ಎಲ್ಲವನ್ನೂ ನೋಡಿದ್ದೆ. ಅದು ಯಾಕೆ ಅಲ್ಲಿದೆ ಎಂದು ಕೇಳಿಕೊಂಡಿರಲಿಲ್ಲ. ತುಂಬಿದ ಕೊಡವನ್ನು ಎತ್ತುವುದಕ್ಕೆ ತೋಳಿನ ಬಲ ಬೇಕು. ಖಾಲಿ ಕೊಡವನ್ನು ಅದುಮುವುದಕ್ಕೆ ಮೈಯ ತೂಕವೇ ಸಾಕು, ಅದು ಮನುಷ್ಯನಿಗೆ ಪುಕ್ಕಟೆ ಸಿಕ್ಕಿದ್ದು. ಕಷ್ಟದ ಅರ್ಧವನ್ನು ಕಲ್ಲಿಗೆ ಒಪ್ಪಿಸಿ ಸುಲಭದ ಅರ್ಧವನ್ನು ತಾನಿಟ್ಟುಕೊಂಡಿದ್ದಾನೆ ರೈತ. ನಾನು ಮಾತ್ರ ಎಲ್ಲ ಭಾರವನ್ನೂ ಒಂದು ಬಿಳಿ ಚಕ್ರದ ಮೇಲೆ ಹೇರಿದ್ದೆ.

ಕಲ್ಲು ಬೇಕು. ಲೆಗೋದಲ್ಲಿ ತೂಕದ ಇಟ್ಟಿಗೆ ಇದೆ, ನನ್ನ ಬಳಿ ಇರಲಿಲ್ಲ. ಬೆಂಚಿನ ಮೇಲೆ ಆಗತಾನೆ ತೆಗೆದ ಆರು ಹಳೆಯ ಸೆಲ್‌ಗಳು ಉರುಳಾಡುತ್ತಿದ್ದವು. ಒಂದೊಂದು ಸುಮಾರು 23 ಗ್ರಾಂ, ಆರಕ್ಕೆ 138. ತೊಲೆಯ ಅನುಪಾತ ಮೂರಕ್ಕೆ ಒಂದು, ಅಂದರೆ ಕೊಡದ ತುದಿಯಲ್ಲಿ 46 ಗ್ರಾಮಿನಷ್ಟು ಭಾರ ಕಳೆಯುತ್ತದೆ. ಕಲ್ಲಿನ ಮುಚ್ಚಳ ತೆಗೆದು ಮೂರು ಮೂರರಂತೆ ಎರಡು ಸಾಲು ಕೂರಿಸಿದೆ, ಅಲುಗದಂತೆ ಪೇಪರ್ ನ್ಯಾಪ್‌ಕಿನ್ ತುರುಕಿದೆ. ಹಸಿರು ಪಾಚಿ ಮತ್ತೆ ಮೇಲೆ ಕೂತಿತು. ಮೋಟಾರಿನ ಬಲವನ್ನು ತಿರುವುಮುರುವು ಮಾಡಿದೆ, ಇಳಿಸುವಾಗ ಹೆಚ್ಚು, ಏರುವಾಗ ಬರೀ ಹಿಡಿತಕ್ಕೆ ತಕ್ಕಷ್ಟು. ಮೇಲಿನ ಕಡ್ಡಿಯ ಹತ್ತಿರ ಒಂದು ಟಚ್ ಸೆನ್ಸರ್ ಸೇರಿಸಿದೆ. ಇನ್ನು ತೊಲೆ ನಿಜವಾಗಿ ಮೇಲೆ ಹೋಗಿ ಗುಂಡಿ ಒತ್ತಿದರೆ ಮಾತ್ರ ಮಿದುಳು ನಂಬಬೇಕು.

ಹಿರಿಯರು ಪೂರ್ತಿ ಹೊತ್ತು ಪಕ್ಕದಲ್ಲೇ ಇದ್ದರು. ನಾನು ಕೆಳಗೆ ಬೀಳಿಸಿದ ಪಿನ್ನುಗಳನ್ನು ಹೆಕ್ಕಿ ಅಂಗೈಯಲ್ಲಿ ಹಿಡಿದುಕೊಂಡಿದ್ದರು.

ಒಂದೂಮುಕ್ಕಾಲಕ್ಕೆ ಬೆಲ್ಟನ್ನು ಸರಿಸಿ ಏತವನ್ನು ಸಾಲಿನೊಳಗೆ ಬಿಟ್ಟೆವು. ಮೊದಲ ಮುಳುಗಿಗೆ ಹನ್ನೊಂದು ಮಂದಿಯೂ ಕೈಕೆಲಸ ಬಿಟ್ಟು ನೋಡಿದರು. ಕೊಡ ಇಳಿಯಿತು. ಏಳುವಾಗ ಸದ್ದೇ ಇಲ್ಲ. ನಿಜಕ್ಕೂ ಸದ್ದಿಲ್ಲದೆ, ಯಾರೋ ಹಿಂದಿನಿಂದ ಕೈಕೊಟ್ಟ ಹಾಗೆ ಮೇಲೆ ಬಂತು. 14 ಚೆಂಡು. ಹೋಗಿ ಬರುವ ಹೊತ್ತು 10 ಸೆಕೆಂಡಿಗೆ ಇಳಿದಿತ್ತು. ಬಲಗಡೆಯ ಡಾಕ್ಟರಮ್ಮ ತನ್ನ ಬುಟ್ಟಿಗೆ ಬಿದ್ದ ಚೆಂಡುಗಳ ಸದ್ದಿಗೆ ಚಪ್ಪಾಳೆ ತಟ್ಟಿದರು. ಅದಾದಮೇಲೆ ಐದರವರೆಗೆ ಒಂದು ಸಲವೂ ನಿಲ್ಲಲಿಲ್ಲ. ಮಧ್ಯಾಹ್ನ ಊಟಕ್ಕೂ ನಾನು ಅಲ್ಲಿಂದ ಏಳಲಿಲ್ಲ. ಮಕ್ಕಳಿಗೆ ಕಲ್ಲು ತೋರಿಸಿ, ಅದು ಯಾಕಿದೆ ಎಂದು ಕನ್ನಡದಲ್ಲಿ, ಹಿಂದಿಯಲ್ಲಿ, ಬಂದಷ್ಟು ಮರಾಠಿಯಲ್ಲಿ ಹೇಳಿದೆ.

ಐದಕ್ಕೆ ಎಡದಿಂದ ಒಂದೊಂದೇ ಯಂತ್ರ ನಿಂತಿತು. ಹೂವನ್ನು ಮನೆಗೆ ಮುಟ್ಟಿಸಿ ಆ ಹಿರಿಯರು ಮೊಮ್ಮಗಳ ಕೈ ಹಿಡಿದು ಮತ್ತೆ ಬಂದಿದ್ದರು. ನಾನು ಮೋಟಾರಿನ ಆಕ್ಸಲ್ ಎಳೆದು ತೊಲೆಯನ್ನು ಬಿಡಿಸಿಕೊಟ್ಟೆ. "ಈಗ ನೀವೇ ಹೊಡೀರಿ" ಎಂದೆ.

ಅವರು ತೋರುಬೆರಳನ್ನು ತೊಲೆಯ ತುದಿಗೆ ಇಟ್ಟು ಕೊಡವನ್ನು ಮೆಲ್ಲಗೆ ಬುಟ್ಟಿಗೆ ಅದುಮಿದರು. ಚೆಂಡುಗಳು ಒಳಗೆ ಉರುಳಿದವು. ಬೆರಳು ತೆಗೆದರು. ತುಂಬಿದ ಕೊಡ ತಾನಾಗಿ ಮೇಲೇರಿ, ಕಡ್ಡಿಗೆ ತಾಗಿ, ಸುರಿಯಿತು. ಮೊಮ್ಮಗಳು ತನಗೂ ಬೇಕೆಂದಳು. ಅವಳ ಬೆರಳನ್ನು ಹಿಡಿದು ತೊಲೆಯ ಮೇಲೆ ಇಟ್ಟು, "ಎತ್ತುಕೆ ಹೋಗ್ಬೇಡ, ಬಿಡು" ಎಂದರು.