ಟೈಲ್ಸ್ ಕಿತ್ತ ಮೇಲೆ

14 ಮಾರ್ಚ್ 2024, ಗುರುವಾರ
ಚಾಮರಾಜಪುರಂ, ಮೈಸೂರು

ನಡುಮನೆಯ ವಿಟ್ರಿಫೈಡ್ ಟೈಲ್ಸ್ ಇವತ್ತು ಪೂರ್ತಿ ಎದ್ದವು. ಕೆಳಗೆ ತಾತನ ಕಾಲದ ಕೆಂಪು ನೆಲ ಉಳಿದಿರಬಹುದು ಅಂತ ಆಸೆ ಇತ್ತು. ಉಳಿದಿಲ್ಲ. ಟೈಲ್ಸ್ ಗಟ್ಟಿಯಾಗಿ ಹಿಡಿಯಲಿ ಅಂತ ಆಗ ಇಡೀ ನೆಲಕ್ಕೆ ಉಳಿಯಲ್ಲಿ ಕಚ್ಚು ಹೊಡೆದಿದ್ದಾರೆ. ಅಜ್ಜಿಯ ಕೋಣೆ ಮಾತ್ರ ಬಚಾವ್. ಅಲ್ಲಿ ಬರೀ ಪ್ಲಾಸ್ಟಿಕ್ ಮ್ಯಾಟ್ ಅಂಟಿಸಿದ್ದರು. ಗೋಂದು ಉಜ್ಜಿ ತೆಗೆದು, ಬಟ್ಟೆಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಾಕಿ ಒರೆಸಿದೆ. ಕಿಟಕಿಯ ಸರಳುಗಳು ನೆಲದಲ್ಲಿ ಕಾಣುತ್ತಿವೆ!

ಬೆಂಗಳೂರಿನಿಂದ ಅಣ್ಣ ದಿನಾ ಫಾಲ್ಸ್ ಸೀಲಿಂಗ್ ಫೋಟೋ ಕಳಿಸುತ್ತಾನೆ. "ಹಳೇ ಮನೆ ಥರ ಕಾಣಬಾರ್ದು ಕಣೇ" ಅನ್ನೋದು ಅವನ ವಾದ. ನನಗೆ ಅನಿಸುವುದೇ ಬೇರೆ. ಈ ಮನೆ ಹಳತಾಗಿ ಕಾಣುತ್ತಿದ್ದುದು ತಾತ ಕಟ್ಟಿದ್ದರಿಂದ ಅಲ್ಲ, ಆಮೇಲೆ ನಾವು ಮೆತ್ತಿದ್ದರಿಂದ. ಮರದ ಬಾಗಿಲಿಗೆ ಚಾಕೊಲೇಟ್ ಬಣ್ಣದ ಪೇಂಟು, ಕಿಟಕಿಗೆ ಅಡ್ಡವಾಗಿ ಸನ್‌ಮೈಕಾ ಶೋಕೇಸು. ಅವೆರಡು ಹೋದದ್ದಕ್ಕೇ ನಡುಮನೆಗೆ ಅರ್ಧ ಬೆಳಕು ಬಂತು.

ಗೋಡೆಯ ಕಥೆಯೂ ಅದೇ. ಇಟ್ಟಿಗೆ, ಸುಣ್ಣದ ಗಾರೆಯ ದಪ್ಪ ಗೋಡೆ. ನೆಲದಿಂದ ಏರುವ ತೇವ ಸುಣ್ಣದ ಮೂಲಕ ಹಾಗೇ ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ಆಯಿಲ್ ಪೇಂಟ್ ಬಳಿದರು. ತೇವಕ್ಕೆ ಹೋಗಲು ದಾರಿ ಇಲ್ಲ. ಪ್ರತಿ ಮಳೆಗಾಲ ಉಪ್ಪು ಬಿಟ್ಟು ಪೇಂಟು ಉದುರುತ್ತಿತ್ತು, ನಾವು ಮತ್ತೆ ಪೇಂಟ್ ಹೊಡೆಸುತ್ತಿದ್ದೆವು. "ಎಷ್ಟು ಸಲ ಬಳಿದ್ರೂ ಅಷ್ಟೇ ಅಕ್ಕಾ, ಸಿಮೆಂಟ್ ಕೆತ್ತಿ ಬಿಸಾಕಿ" ಅಂದರು ಮೇಸ್ತ್ರಿ. ಹಿತ್ತಲಲ್ಲಿ ಈಗ ಸುಣ್ಣ ನೆನೆಯುತ್ತಿದೆ. ಪಕ್ಕದ ಡ್ರಮ್ಮಿನಲ್ಲಿ ಗಾರೆಗೆ ಬೆರೆಸೋಕೆ ಅಳಲೆಕಾಯಿ, ಬೆಲ್ಲದ ನೀರು. ಬೀದಿಯ ಇರುವೆಗಳೆಲ್ಲ ನಮ್ಮಲ್ಲೇ ಇವೆ.

ಫಾಲ್ಸ್ ಸೀಲಿಂಗ್ ಬೇಡ ಅನ್ನೋದಕ್ಕೆ ಕಾರಣ ಬರೀ ಅಂದ ಅಲ್ಲ. ಮೇಲಿರುವುದು ಮದ್ರಾಸ್ ತಾರಸಿ. ತೇಗದ ತೊಲೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಮೇಲೆ ಸುಣ್ಣದ ಕಾಂಕ್ರೀಟು. ತಾರಸಿ ಸೋರಿದರೆ, ತೊಲೆಗೆ ಗೆದ್ದಲು ಹತ್ತಿದರೆ ಕಣ್ಣಿಗೆ ಕಾಣಬೇಕು. ಜಿಪ್ಸಮ್ ಹಲಗೆಯ ಹಿಂದೆ ಏನಾಗ್ತಿದೆ ಅಂತ ಯಾರಿಗೆ ಗೊತ್ತಾಗುತ್ತೆ?

ಅಡುಗೆಮನೆ ಗೋಡೆಯನ್ನು ಪೂರ್ತಿ ಒಡೆಯೋದನ್ನೂ ಕೈಬಿಟ್ಟೆವು. ತೊಲೆಗಳು ಕೂತಿರುವುದೇ ಅದರ ಮೇಲೆ. ಎಂಜಿನಿಯರ್ ನೋಡಿ, ಬಾಗಿಲನ್ನು ಅಗಲ ಮಾಡಿ ಮೇಲೆ ಕಬ್ಬಿಣದ ಐ-ಬೀಮ್ ಕೊಡೋಣ ಅಂದರು. ಅಷ್ಟು ಸಾಕು. ಒಗ್ಗರಣೆ ಹೊಗೆ ಸೋಫಾದ ತನಕ ಬರಬೇಕಾ ಸುಮ್ನೆ? ವೈರಿಂಗ್ ಮಾತ್ರ ಎಲ್ಲ ಹೊಸದು. ಹಳೆಯದಕ್ಕೆ ಅರ್ಥಿಂಗೇ ಇರಲಿಲ್ಲ.

ನಡುಮನೆಗೆ ಹೊಸದಾಗಿ ರೆಡ್ ಆಕ್ಸೈಡ್, ಅಂದರೆ ಕೆಂಪು ಬಣ್ಣ ಬೆರೆಸಿದ ಸಿಮೆಂಟ್ ನೆಲ. ತೇಪೆ ಹಾಕಿದರೆ ಬಣ್ಣ ಕೂಡುವುದಿಲ್ಲ, ಹಾಗಾಗಿ ಇಡೀ ಕೋಣೆ ಒಂದೇ ದಿನ ಮುಗಿಯಬೇಕು. ಆಮೇಲೆ ನೀರು ನಿಲ್ಲಿಸಬೇಕು, ಯಾರೂ ಕಾಲಿಡುವ ಹಾಗಿಲ್ಲ. ಈ ಕೆಲಸ ಗೊತ್ತಿರುವವರು ಸಿಗೋದೇ ಕಷ್ಟ. ಸಿಕ್ಕಿದವರು ಸೋಮವಾರ ಬರ್ತೀನಿ ಅಂದಿದ್ದಾರೆ.

ಬಾಕಿ ಇರುವ ಜಗಳ ಅಡುಗೆ ಕಟ್ಟೆಯದು. ಅಣ್ಣನಿಗೆ ಬಿಳಿ ಕಲ್ಲು ಬೇಕು. ಅಮ್ಮನಿಗೆ ಕಪ್ಪು ಗ್ರಾನೈಟ್. "ಅರಿಶಿನ ಬಿದ್ರೆ ಅವನು ಬಂದು ಉಜ್ಜುತ್ತಾನಾ?" ಅಂತಾಳೆ. ಭಾನುವಾರ ಬರ್ತಾನಲ್ಲ, ಅವಳ ಹತ್ತಿರ ಅವನೇ ಮಾತಾಡಿಕೊಳ್ಳಲಿ.