ಕ್ಯಾಬಿನ್ ಅಪ್ಡೇಟ್ 7: ಟಾಯ್ಲೆಟ್ ವಿಷಯ ಕೊನೆಗೂ ಒಂದು ದಡ ಸೇರ್ತು

ಛಾವಣಿ ಮುಗೀತು, ಸೋಲಾರ್ ಪ್ಯಾನೆಲ್ ಕೂತ್ಕೊಂತು, ಮೂರು ತಿಂಗಳಿಂದ ಇವತ್ತು ನಾಳೆ ಅಂತ ತಳ್ಕೊಂಡು ಬಂದಿದ್ದು ಟಾಯ್ಲೆಟ್ ಒಂದೇ. ಕರೆಂಟ್ ಲೈನ್ ಇಲ್ಲ, ಬೋರ್ ಇಲ್ಲ, ಇರೋದು ಮಳೆ ನೀರು ಹಿಡಿಯೋ ಟ್ಯಾಂಕ್ ಮಾತ್ರ. ಒಂದು ಸಲ ಫ್ಲಶ್ ಮಾಡಿದ್ರೆ 6 ಲೀಟರ್, ಇಬ್ಬರಿದ್ರೆ ದಿನಕ್ಕೆ ಹತ್ತು ಸಲ ಅಂತ ಇಟ್ಕೊಂಡ್ರೂ 60 ಲೀಟರ್ ಹೋಯ್ತು, ಹಾಗಾಗಿ ಫ್ಲಶ್ಶು ಸೆಪ್ಟಿಕ್ ಟ್ಯಾಂಕು ಎರಡೂ ಮೊದಲ ದಿನವೇ ಔಟ್. ಸುಟ್ಟು ಬೂದಿ ಮಾಡೋ ಟಾಯ್ಲೆಟ್ಟೂ ನೋಡಿದೆ, ಕರೆಂಟಿಂದು ಆದ್ರೆ ಒಂದು ಸಲ ಸುಡೋಕೆ ಒಂದೂವರೆ ಎರಡು ಯೂನಿಟ್ ತಿನ್ನುತ್ತೆ, ನನ್ನ ಬ್ಯಾಟರಿ ಬೆಳಿಗ್ಗೆ ಎಂಟು ಗಂಟೆಗೇ ಕೈ ಎತ್ತುತ್ತೆ.

ಗುಂಡಿ ತೋಡೋದೇ ಸುಲಭ ಅನ್ಕೊಂಡಿದ್ದೆ. ಸುಮ್ನೆ ನೋಡೋಣ ಅಂತ ಒಂದು ಕಡೆ ಅಗೆದೆ, ಒಂದೂವರೆ ಮೀಟರ್‌ಗೇ ತಳದಲ್ಲಿ ನೀರು ಜಿನುಗ್ತು. ಗುಂಡಿ ತಳಕ್ಕೂ ಅಂತರ್ಜಲಕ್ಕೂ ಮಧ್ಯ ಕನಿಷ್ಠ 2 ಮೀಟರ್ ಮಣ್ಣಿರಬೇಕು, ಬಾವಿ ಇದ್ರೆ 30 ಮೀಟರ್ ದೂರ ಇರಬೇಕು ಅಂತಾರೆ. ಮರು ಮಾತಾಡದೆ ಮುಚ್ಚಿದೆ.

ಉಳಿದಿದ್ದು ಬಕೆಟ್ಟು, ಮರದ ಪುಡಿ. 20 ಲೀಟರ್ ಬಕೆಟ್ ಮೇಲೆ ಹಲಗೆ ಪೆಟ್ಟಿಗೆ, ಅದಕ್ಕೊಂದು ಸೀಟು, ಪ್ರತಿ ಸಲ ಮೇಲೆ ಎರಡು ಮುಷ್ಟಿ ಪುಡಿ. ಮೊದಲ ಎರಡು ದಿನ ವಾಸನೆನೇ ಇಲ್ಲ, ನಾನೇ ಬೆರಗಾದೆ. ನಾಲ್ಕನೇ ದಿನ ಬಕೆಟ್ ತುಂಬಿ, ಎತ್ತೋಕೆ ಹೋದ್ರೆ ಒಳಗೆ ಕೆಸರು ತರ ಲೊಳಲೊಳ ಅಂತಿದೆ. ಆಗ ತಲೆಗೆ ಹೋಯ್ತು, ಭಾರ ಎಲ್ಲ ಉಚ್ಚೆದು. ಇಬ್ಬರದ್ದು ಸೇರಿ ದಿನಕ್ಕೆ ಎರಡೂವರೆ ಮೂರು ಲೀಟರ್, ಗಟ್ಟಿ ಭಾಗ ಅರ್ಧ ಕೇಜಿನೂ ಇರಲ್ಲ. ನಾನು ಇಷ್ಟು ದಿನ ತಲೆ ಕೆಡಿಸ್ಕೊಂಡಿದ್ದು ತಪ್ಪು ವಿಷಯಕ್ಕೆ.

ಇದರ ಮಧ್ಯೆ ಒಂದು ದಡ್ಡ ಕೆಲಸನೂ ಮಾಡಿದೆ. ಪುಡಿ ಖಾಲಿ ಆಗಿತ್ತು, ಒಲೆ ಬೂದಿ ಇದೆಯಲ್ಲ ಅಂತ ಒದ್ದೆ ಬಕೆಟ್‌ಗೆ ಅದನ್ನೇ ಸುರಿದೆ. ಐದು ನಿಮಿಷದಲ್ಲಿ ಕಣ್ಣು ಉರಿಯೋ ಘಾಟು! ಬೂದಿ ಕ್ಷಾರ, ಹಳೇ ಉಚ್ಚೆಲಿರೋ ಅಮೋನಿಯಾನ ಗ್ಯಾಸ್ ಮಾಡಿ ಹೊರಗೆ ತಳ್ಳುತ್ತೆ. ಬೂದಿ ಒಣ ಗುಡ್ಡೆಗೆ ಸರಿ, ಒದ್ದೆ ಇರೋ ಕಡೆ ಅದರ ಸಹವಾಸ ಬೇಡ.

ಸೋ ಈಗ ಸೀಟಿನ ಕೆಳಗೆ ಡೈವರ್ಟರ್ ಕೂರಿಸಿದೀನಿ, ಮುಂದಿನ ಬೋಗುಣಿಯಿಂದ ಉಚ್ಚೆ ಪೈಪಲ್ಲಿ ಹೊರಗಿನ ಕ್ಯಾನಿಗೆ, ಹಿಂದಿನದು ಬಕೆಟ್‌ಗೆ. ಅದೇ ಬಕೆಟ್ ಈಗ ಹತ್ತು ದಿನ ಆದ್ರೂ ತುಂಬಿಲ್ಲ, ಒಳಗೆ ನೋಡಿದ್ರೆ ಒಣ ಪುಡಿ ಗುಡ್ಡೆ ಅಷ್ಟೇ. ಪೈಪ್ ಇಳಿಜಾರು ಚೆನ್ನಾಗಿರಬೇಕು, ಎಲ್ಲಾದ್ರೂ ನಿಂತ್ರೆ ಬಿಳಿ ಗಾರೆ ತರ ಕಟ್ಕೊಂಡು ಬ್ಲಾಕ್ ಆಗುತ್ತೆ, ಅದಕ್ಕೆ ಸಣ್ಣ ಪೈಪ್ ಬಿಟ್ಟು ದಪ್ಪದ್ದೇ ಹಾಕ್ದೆ, ನಡುವೆ ತಿರುವೂ ಕೊಟ್ಟಿಲ್ಲ. ಕ್ಯಾನಿನದು ಐದರಿಂದ ಹತ್ತು ಪಾಲು ನೀರು ಬೆರೆಸಿ ಗಿಡದ ಬುಡಕ್ಕೆ.

ಪೆಟ್ಟಿಗೆಯಿಂದ 100 ಮಿಮೀ ವೆಂಟ್ ಪೈಪ್ ಛಾವಣಿ ದಾಟಿಸಿ ತುದಿಗೆ ನೊಣದ ಜಾಲರಿ ಕಟ್ಟಿದೀನಿ. ಒಳಗೆ ಸೇರ್ಕೊಂಡ ನೊಣ ಬೆಳಕು ಕಂಡ ಕಡೆ ಹಾರುತ್ತೆ, ಅಂದ್ರೆ ಪೈಪಿನ ತುದಿಗೆ, ಅಲ್ಲೇ ಸಿಕ್ಕಾಕೊಳ್ಳುತ್ತೆ. ಗಾಳಿ ಬೀಸಿದಾಗ ಪೈಪ್ ತಾನೇ ಎಳೆಯುತ್ತೆ, ಗಾಳಿ ಸತ್ತ ದಿನಕ್ಕೆ ಹಳೇ ಕಂಪ್ಯೂಟರ್ ಫ್ಯಾನ್, 2 ವ್ಯಾಟ್, ದಿನವಿಡೀ ಓಡಿದ್ರೂ 50 ವ್ಯಾಟ್ ಅವರ್ ದಾಟಲ್ಲ.

ಬಾಕಿ ಇರೋದು ತೊಳೆಯೋ ನೀರಿನ ಸಮಸ್ಯೆ. ಅದು ಬಕೆಟ್‌ಗೆ ಬಿದ್ರೆ ಮತ್ತೆ ಕೆಸರು, ಸದ್ಯ ಪೇಪರ್. ಪಕ್ಕದಲ್ಲಿ ಮೂರನೇ ತೂತು ಕೊರೆದು ಸಣ್ಣ ಜಲ್ಲಿ ಗುಂಡಿಗೆ ಬಿಡೋ ಪ್ಲಾನ್ ಇದೆ. ಬಕೆಟ್ ಖಾಲಿ ಮಾಡೋ ಕಾಂಪೋಸ್ಟ್ ತೊಟ್ಟಿ ಎರಡು ಕಟ್ಟಿದೀನಿ, ಒಂದು ತುಂಬಿದ್ಮೇಲೆ ಎರಡು ವರ್ಷ ಮುಟ್ಟಲ್ಲ. ಮುಚ್ಚಳದ ಮೇಲೆ ಸುಣ್ಣದಲ್ಲಿ ತಾರೀಕು ಬರೆದಿದ್ದೆ, ನಿನ್ನೆ ಮಳೆಗೆ ಅಳಿಸಿ ಹೋಗಿದೆ, ನಾಳೆ ಪೇಂಟ್ ತಗೊಂಡು ಬರೀಬೇಕು.